ತಾನ್ ಒಡೆಯದ ಸೂಜಿ ಯಾವುದು? ಮೂರು ಕಾರ್ಟ್ರಿಡ್ಜ್‌ಗಳ ಹೋಲಿಕೆ

ಅಪ್ಪ ಬಿಟ್ಟುಹೋದ ರಿಕಾರ್ಡ್‌ಗಳಲ್ಲಿ ಮುಕ್ಕಾಲು ಪಾಲು ಹಿಂದೂಸ್ತಾನಿ ಖ್ಯಾಲ್ ಗಾಯನ. ಎಲ್ಲದರಲ್ಲೂ ಒಂದೇ ತೊಂದರೆ. ನಿಧಾನ ಗತಿಯ ವಿಲಂಬಿತ್ ಸೊಗಸಾಗಿ ಕೇಳುತ್ತಿತ್ತು, ವೇಗದ ದ್ರುತ್‌ಗೆ ಬಂದು ತಾನ್ (ಸ್ವರಗಳ ವೇಗದ ಸರಮಾಲೆ) ಶುರುವಾದರೆ ದನಿ ಒಡೆಯುತ್ತಿತ್ತು. ರಿಕಾರ್ಡಿನ ಹೊರ ಅಂಚಿನಲ್ಲಿ ಸೂಜಿಯ ಕೆಳಗೆ ಸೆಕೆಂಡಿಗೆ ಸುಮಾರು 50 ಸೆಂ.ಮೀ. ಗೆರೆ ಹಾದುಹೋಗುತ್ತದೆ. ಲೇಬಲ್ ಹತ್ತಿರ ಬರೀ 21 ಸೆಂ.ಮೀ. ಅಷ್ಟರಲ್ಲೇ ಎಲ್ಲ ಸ್ವರ ಹಿಡಿಸಬೇಕು. ನಮ್ಮ ಸಂಗೀತದಲ್ಲಿ ವೇಗದ ತಾನ್ ಬರುವುದೂ ಸರಿಯಾಗಿ ಅಲ್ಲೇ ಅಲ್ವಾ?

ಟರ್ನ್‌ಟೇಬಲ್ ಜೊತೆ ಬಂದ ಕಾರ್ಟ್ರಿಡ್ಜ್ (ತೋಳಿನ ತುದಿಯಲ್ಲಿ ಸೂಜಿ ಕೂರುವ ಪುಟ್ಟ ಭಾಗ) ಆಡಿಯೋ-ಟೆಕ್ನಿಕಾ 3600ಎಲ್. ಗುಂಡು ಮೊನೆ, ರಿಕಾರ್ಡಿನ ಮೇಲೆ ಸೂಜಿ ಒತ್ತುವ ಭಾರ 3 ಗ್ರಾಂ. ಅದರ ಎದುರಿಗೆ ಎರಡನ್ನು ತರಿಸಿದೆ: ಅದೇ ಕಂಪನಿಯ ವಿಎಂ95ಇ, ಮತ್ತೆ ಡೆನ್ಮಾರ್ಕಿನ ಆರ್ಟೊಫೋನ್ 2ಎಂ ರೆಡ್. ಎರಡಕ್ಕೂ ಮೊಟ್ಟೆಯಾಕಾರದ ಮೊನೆ. ಮೊದಲನೆಯದನ್ನು 2 ಗ್ರಾಂಗೆ, ರೆಡ್ ಅನ್ನು 1.8ಕ್ಕೆ ಇಟ್ಟೆ. ಎರಡರ ತೂಕ ಬೇರೆ, ಹಾಗಾಗಿ ಬದಲಿಸಿದಾಗಲೆಲ್ಲ ತೋಳನ್ನು ಹೊಸದಾಗಿ ತೂಗಿಸಲೇಬೇಕು. ಟರ್ನ್‌ಟೇಬಲ್ ಕೆಳಗೆ ಒಂದು ಶಹಾಬಾದ್ ಕಲ್ಲು ಇದೆ. ಕೋಣೆಯಲ್ಲಿ ಓಡಾಡಿದರೂ ಸೂಜಿ ಅಲುಗುವುದಿಲ್ಲ.

ಮೊದಲ ದಿನ ರೆಡ್ ಗೆದ್ದಿತು ಅನ್ನಿಸಿತ್ತು. ತಂಬೂರಿ ತುಂಬಿಕೊಂಡು ಬಂತು, ತಬಲಾ ಗಟ್ಟಿಯಾಗಿ ಬಿತ್ತು. ಆಮೇಲೆ ಗೊತ್ತಾಯಿತು, ಅದು ಹೊರಡಿಸುವುದು 5.5 ಮಿಲಿವೋಲ್ಟ್, ವಿಎಂ95ಇ ಹೊರಡಿಸುವುದು 4. ಸುಮಾರು 3 ಡೆಸಿಬೆಲ್ ಜಾಸ್ತಿ. ಜೋರಾಗಿ ಕೇಳಿದ್ದೆಲ್ಲ ಕಿವಿಗೆ ಚೆಂದವೇ. ವಾಲ್ಯೂಮ್ ಸರಿಸಮ ಮಾಡಿ ಕೇಳಿದ ಮೇಲೆ ಅಂತರ ಬಹಳ ಕಡಿಮೆಯಾಯಿತು.

ಕಾಕಾ ಅವರನ್ನು ಕೂರಿಸಿ, ಯಾವ ಸೂಜಿ ಅಂತ ಹೇಳದೆ, ಒಂದೇ ದ್ರುತ್ ಅನ್ನು ಮೂರು ಸಲ ಹಾಕಿದೆ. ಹಳೆಯದಕ್ಕೆ ಮುಖ ಗಂಟಿಕ್ಕಿದರು. ರೆಡ್‌ಗೆ ತಲೆದೂಗಿದರು, ಆದರೆ ಹಾಡಿನ ಮಾತಿನಲ್ಲಿ 'ಸ' ಅಕ್ಷರ ಬಂದಾಗಲೆಲ್ಲ ಸುಯ್ ಅಂತದ ಅಂದರು. ವಿಎಂ95ಇ ಹಾಕಿದಾಗ, "ಈಗ ಒಂದೊಂದು ಸ್ವರ ಬ್ಯಾರೆ ಬ್ಯಾರೆ ಕೇಳಸ್ತದ ನೋಡಪ್ಪ" ಅಂದರು. ನನಗೂ ಹಾಗೇ ಅನ್ನಿಸಿತು. ಒಡೆಯುವುದು ಪೂರ್ತಿ ನಿಂತಿಲ್ಲ, ಆದರೆ ತಾನ್ ಕೊನೆಯವರೆಗೂ ಹಿಂಬಾಲಿಸಬಹುದು. ಹಳೆಯ ಸಿನಿಮಾ ಹಾಡುಗಳಿಗೆ ಮಾತ್ರ ಈಗಲೂ ರೆಡ್ ಹಾಕಬೇಕು ಅನ್ನಿಸುತ್ತದೆ. ಅದರ ಉತ್ಸಾಹವೇ ಬೇರೆ.

ಹಳೆಯ ಗುಂಡು ಮೊನೆಯನ್ನು ಎಸೆದಿಲ್ಲ. ತುಂಬಾ ಗೀರು ಬಿದ್ದ ನಾಲ್ಕೈದು ರಿಕಾರ್ಡ್‌ಗಳಲ್ಲಿ ಚಟಚಟ ಕಡಿಮೆ ಕೇಳುವುದು ಅದರಲ್ಲೇ.

ಕಲಬುರಗಿಯ ಬೇಸಿಗೆಯಲ್ಲಿ ಫ್ಯಾನ್ ಇಲ್ಲದೆ ಕೂರಲಾಗದು, ಫ್ಯಾನ್ ಹಾಕಿದರೆ ಧೂಳು. ಒಂದು ಬದಿ ಮುಗಿಯುವಷ್ಟರಲ್ಲಿ ಸೂಜಿಗೆ ಹತ್ತಿಯಂಥ ಎಳೆ ಅಂಟಿರುತ್ತದೆ. ಬ್ರಶ್ ಅನ್ನು ಹಿಂದಿನಿಂದ ಮುಂದಕ್ಕೆ ಮಾತ್ರ ಎಳೆಯಬೇಕು. ಈ ಕೆಲಸ ತಪ್ಪಿಸಿದರೆ ಯಾವ ಕಾರ್ಟ್ರಿಡ್ಜ್ ಆದರೂ ಅಷ್ಟೇ.

ನಾನು ಉಳಿಸಿಕೊಂಡಿದ್ದು ವಿಎಂ95ಇ. ಇದಕ್ಕೆ ಇನ್ನೂ ಒಂದು ಕಾರಣವಿದೆ. ಇದರ ಸೂಜಿಗೆ ಕಂಪನಿ ಹೇಳುವ ಆಯಸ್ಸು 300 ಗಂಟೆ. ಅದು ಸವೆದಾಗ ಅದೇ ಮೈಗೆ ಮೈಕ್ರೋಲಿನಿಯರ್ ಅನ್ನುವ, ಇನ್ನೂ ನಯವಾದ ಮೊನೆಯ ಸೂಜಿ ಸಿಕ್ಕಿಸಬಹುದು. ಅದಕ್ಕೆ 1,000 ಗಂಟೆ. ಲೇಬಲ್ ಹತ್ತಿರದ ಗೆರೆಗಳನ್ನು ಅದು ಇನ್ನೂ ಚೆನ್ನಾಗಿ ಓದುತ್ತದೆ. ಸ್ಕ್ರೂ ಬಿಚ್ಚುವ ಕೆಲಸವಿಲ್ಲ. ಕೇಳಿದ ಗಂಟೆಗಳನ್ನು ಈಗಿನಿಂದಲೇ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದೇನೆ. ನಿನ್ನೆಗೆ 64 ಆಯಿತು.