ಪಿಎಸ್5ನಲ್ಲಿ ಜಾಗದ ಪರದಾಟ: ಹಳೇ ಹಾರ್ಡ್ ಡಿಸ್ಕ್ ಕೈ ಹಿಡಿಯಿತು

ನನ್ನ ಹತ್ತಿರ ಇರುವುದು ಸೋನಿಯ ಗೇಮ್ ಕನ್ಸೋಲ್ ಪ್ಲೇಸ್ಟೇಷನ್ 5, ಅಂದರೆ ಪಿಎಸ್5. 2021ರ ಫೆಬ್ರವರಿಯಲ್ಲಿ ಭಾರತಕ್ಕೆ ಬಂದ ಮೊದಲ ಮಾದರಿ, ಆಟದ ಡಿಸ್ಕ್ ಹಾಕುವಂಥದ್ದು. ಗ್ರಾಫಿಕ್ಸ್, ಕಂಟ್ರೋಲರ್ ಬಗ್ಗೆ ಸಾಕಷ್ಟು ಜನ ಬರೆದಿದ್ದಾರೆ, ಅದು ಬೇಡ. ಇಷ್ಟು ವರ್ಷ ಆಡಿದ ಮೇಲೆ ನಾನು ಹೇಳಬೇಕಾದದ್ದು ಆಟ ಇಡುವ ಸ್ಟೋರೇಜ್ ಜಾಗದ ವಿಷಯ.

ಡಬ್ಬದ ಮೇಲೆ 825 ಜಿಬಿ, ಆಟಕ್ಕೆ ಸಿಗುವುದು 667 ಜಿಬಿ. ಆಟವನ್ನು ಡಿಸ್ಕ್‌ನಲ್ಲಿ ಕೊಂಡರೆ ಜಾಗ ಉಳಿಯುತ್ತದೆ ಅಂತ ಅಂಗಡಿಯವರು ಹೇಳಿದರೆ ನಂಬಬೇಡಿ. ಡಿಸ್ಕ್ ಇದ್ದರೂ ಆಟ ಒಳಗೆ ಇನ್‌ಸ್ಟಾಲ್ ಆಗಲೇಬೇಕು.

ಸಿಟ್ಟು ಬರುವುದು ಅಪ್‌ಡೇಟ್ ಮೇಲೆ. ನಾನು ಆಡುವ ಒಂದು ಶೂಟಿಂಗ್ ಆಟ ಹೊಸ ಸೀಸನ್ ಬಂದಾಗಲೆಲ್ಲ ಹತ್ತಾರು ಜಿಬಿ ಕೇಳುತ್ತದೆ. ನಮ್ಮ ಮನೆಯದು 40 ಎಂಬಿಪಿಎಸ್ ಲೈನ್, ಅಂದರೆ ಸೆಕೆಂಡಿಗೆ ಹೆಚ್ಚೆಂದರೆ 5 ಎಂಬಿ. 50 ಜಿಬಿ ಇಳಿಯಲು ಹತ್ತಿರ ಹತ್ತಿರ ಮೂರು ಗಂಟೆ ಬೇಕು. ಶನಿವಾರ ಸಂಜೆ ಗೆಳೆಯರೆಲ್ಲ ಆನ್‌ಲೈನ್ ಬಂದು ಕಾಯುತ್ತಿರುತ್ತಾರೆ, ನಾನು ಮಾತ್ರ ನೀಲಿ ಗೆರೆ ತುಂಬುವುದನ್ನೇ ನೋಡುತ್ತಾ ಕೂರಬೇಕು. ಇದು ಅನ್ಯಾಯ ಅಲ್ವಾ?

ಇದನ್ನು ಸರಿ ಮಾಡಿದ್ದು ರೆಸ್ಟ್ ಮೋಡ್, ಅಂದರೆ ಕನ್ಸೋಲ್ ಪೂರ್ತಿ ಆಫ್ ಆಗದೆ ಅರೆನಿದ್ದೆಯಲ್ಲಿರುವ ಸ್ಥಿತಿ. ಪವರ್ ಸೇವಿಂಗ್ ಸೆಟ್ಟಿಂಗ್‌ನಲ್ಲಿ ಇಂಟರ್ನೆಟ್ ಸಂಪರ್ಕ ಇರಲಿ ಅಂತ ಒತ್ತಿ, ಆಟೋಮ್ಯಾಟಿಕ್ ಅಪ್‌ಡೇಟ್ ಆನ್ ಮಾಡಿದರೆ ಸಾಕು. ಈಗ ರಾತ್ರಿ ಊಟ ಆದ ಮೇಲೆ ಒಂದು ಅಭ್ಯಾಸವೇ ಆಗಿದೆ. ಮೊದಲು ಡೌನ್‌ಲೋಡ್ ಪಟ್ಟಿ ನೋಡುತ್ತೇನೆ, ಬೇಡದ ವಿಡಿಯೋ ಕ್ಲಿಪ್ ಅಳಿಸುತ್ತೇನೆ, ರೌಟರ್‌ಗೂ ಕನ್ಸೋಲ್‌ಗೂ ಯುಪಿಎಸ್ ಆನ್ ಇದೆಯಾ ಅಂತ ನೋಡಿ, ರೆಸ್ಟ್ ಮೋಡ್‌ಗೆ ಹಾಕಿ ಅದರ ಕಿತ್ತಳೆ ದೀಪ ಹತ್ತಿದ ಮೇಲೇ ಮಲಗುವುದು. ಯುಪಿಎಸ್ ಯಾಕೆ ಅಂದರೆ, ಡೌನ್‌ಲೋಡ್ ಮಧ್ಯೆ ಕರೆಂಟ್ ಹೋದರೆ ಮುಂದಿನ ಸಲ ಕನ್ಸೋಲ್ ಮೊದಲು ತನ್ನ ಸ್ಟೋರೇಜ್ ಪರೀಕ್ಷೆಗೆ ಕೂರುತ್ತದೆ. ಅಂದಹಾಗೆ, ಆಟದಲ್ಲಿ ಸಾಧನೆಗೆ ಕೊಡುವ ಟ್ರೋಫಿ ಸಿಕ್ಕಾಗಲೆಲ್ಲ ಕನ್ಸೋಲ್ ತಾನೇ ವಿಡಿಯೋ ಉಳಿಸುತ್ತದೆ. ಅದನ್ನು ಇವತ್ತೇ ಆಫ್ ಮಾಡಿ.

ನಿಜವಾದ ಖುಷಿ ಕೊಟ್ಟಿದ್ದು ಮನೆಯಲ್ಲಿ ಸುಮ್ನೆ ಬಿದ್ದಿದ್ದ 2 ಟಿಬಿ ಯುಎಸ್‌ಬಿ ಹಾರ್ಡ್ ಡಿಸ್ಕ್. ಅದರಿಂದ ಪಿಎಸ್5 ಆಟ ಆಡಲಾಗುವುದಿಲ್ಲ, ಇಡಬಹುದು ಅಷ್ಟೇ. ಹಿಂದಿನ ಕನ್ಸೋಲ್ ಪಿಎಸ್4ರ ಆಟಗಳನ್ನಾದರೆ ಅಲ್ಲಿಂದಲೇ ಆಡಬಹುದು. ಹಬ್ಬದ ಪಾತ್ರೆ ಅಟ್ಟಕ್ಕೆ ಹಾಕುವ ಹಾಗೆ ಸದ್ಯ ಆಡದ ಆಟವನ್ನು ಅಲ್ಲಿಗೆ ಕಳಿಸುತ್ತೇನೆ, ಬೇಕಾದಾಗ ಇಳಿಸಿಕೊಳ್ಳುತ್ತೇನೆ. ಇಂಟರ್ನೆಟ್‌ನಿಂದ ಮತ್ತೆ ಇಳಿಸುವುದಕ್ಕಿಂತ ಇದು ಎಷ್ಟೋ ಬೇಗ, ಡೇಟಾ ಮಿತಿಯೂ ಖಾಲಿಯಾಗುವುದಿಲ್ಲ. ವಾಪಸ್ ತಂದ ಮೇಲೆ ಬಾಕಿ ಅಪ್‌ಡೇಟ್ ಇಳಿಯುತ್ತದೆ, ಅದಕ್ಕೆ ಸ್ವಲ್ಪ ತಾಳ್ಮೆ ಬೇಕು. ಹಾಗಾಗಿ ವಾರಾಂತ್ಯಕ್ಕೆ ಬೇಕಾದ ಆಟವನ್ನು ಗುರುವಾರ ರಾತ್ರಿಯೇ ಒಳಗೆ ತಂದಿಡುತ್ತೇನೆ. ಈ ಹಾರ್ಡ್ ಡಿಸ್ಕನ್ನು ಯುಎಸ್‌ಬಿ ಹಬ್ ಮೂಲಕ ಹಾಕಬೇಡಿ, ನೇರವಾಗಿ ಕನ್ಸೋಲ್‌ಗೇ ಚುಚ್ಚಿ. ಮೊದಲ ಸಲ ಫಾರ್ಮ್ಯಾಟ್ ಆಗುವಾಗ ಅದರಲ್ಲಿರುವ ಫೋಟೋ, ಫೈಲ್ ಎಲ್ಲ ಅಳಿಸಿಹೋಗುತ್ತವೆ, ಮುಂಚೆಯೇ ಬೇರೆ ಕಡೆ ಇಟ್ಟುಕೊಳ್ಳಿ.

ಕೆಲವು ಆಟಗಳಲ್ಲಿ ಕಥೆಯ ಭಾಗ ಮುಗಿದ ಮೇಲೆ ಅದನ್ನಷ್ಟೇ ಅಳಿಸಿ ಮಲ್ಟಿಪ್ಲೇಯರ್ ಉಳಿಸಿಕೊಳ್ಳಬಹುದು. ಆಟ ಅಳಿಸಿದರೂ ಸೇವ್ ಡೇಟಾ ಹೋಗುವುದಿಲ್ಲ, ಭಯ ಬೇಡ.

2021ರ ಸೆಪ್ಟೆಂಬರ್‌ನಿಂದ ಕನ್ಸೋಲ್ ಒಳಗೇ ಎಂ.2 ಎಸ್‌ಎಸ್‌ಡಿ (ಪುಟ್ಟ ಪಟ್ಟಿಯಂಥ, ತುಂಬಾ ವೇಗದ ಸ್ಟೋರೇಜ್) ಕೂರಿಸುವ ಅವಕಾಶ ಇದೆ. ದುಡ್ಡಿದ್ದವರಿಗೆ ಅದೇ ಒಳ್ಳೆಯದು, ಆಟವನ್ನು ಅಲ್ಲಿಂದಲೇ ಆಡಬಹುದು. ನನ್ನ ಬಜೆಟ್‌ಗೆ ಸದ್ಯಕ್ಕೆ ಅದು ಜಾಸ್ತಿ. ತಗೊಳ್ಳುವವರು ಅದು ಪಿಸಿಐಇ ಜೆನ್ 4 (ನಾಲ್ಕನೇ ತಲೆಮಾರಿನದು) ತಾನೇ, ಓದುವ ವೇಗ ಸೆಕೆಂಡಿಗೆ ಕನಿಷ್ಠ 5,500 ಎಂಬಿ ಇದೆಯಾ, ಬಿಸಿ ತಗ್ಗಿಸುವ ಹೀಟ್‌ಸಿಂಕ್ ಸೇರಿ ದಪ್ಪ 11.25 ಮಿ.ಮೀ. ಒಳಗಿದೆಯಾ ಅಂತ ನೋಡಿಯೇ ಆರ್ಡರ್ ಮಾಡಿ. ದಪ್ಪ ಜಾಸ್ತಿಯಾದರೆ ಅದು ಒಳಗೆ ಕೂರುವುದೇ ಇಲ್ಲ.