ವ್ಯಸನ ಬಿಡಿಸುವ ಕೌನ್ಸೆಲಿಂಗ್: ಆನ್‌ಲೈನಾ, ಕಾಲೇಜಾ?

ಕುಡಿತ, ಡ್ರಗ್ಸ್ ಬಿಡಿಸುವ ಕೌನ್ಸೆಲರ್ ಆಗಬೇಕು, ಮನೆಯಲ್ಲೇ ಕೂತು ಡಿಗ್ರಿ ಮಾಡಲಾ ಅನ್ನುವವರು ಮೊದಲು ಇದನ್ನು ಗಮನಿಸಿ. 2025ರ ಜುಲೈ-ಆಗಸ್ಟ್ ಸಾಲಿನಿಂದ ಸೈಕಾಲಜಿಯನ್ನು ಆನ್‌ಲೈನ್, ದೂರಶಿಕ್ಷಣದಲ್ಲಿ ಕಲಿಸಬಾರದೆಂದು ವಿಶ್ವವಿದ್ಯಾಲಯಗಳ ಮೇಲ್ವಿಚಾರಣೆ ಮಾಡುವ ಯುಜಿಸಿ ಹೇಳಿದೆ. ಇನ್ನೂ ಅಡ್ಮಿಷನ್ ಇದೆ ಅನ್ನುವ ಜಾಹೀರಾತು ನಂಬಿ ಸುಮ್ನೆ ದುಡ್ಡು ಕಟ್ಟಬೇಡಿ.

ಆನ್‌ಲೈನ್ ಅನುಕೂಲ ನಿಜ, ಊರು ಬಿಡಬೇಕಿಲ್ಲ. ಈಗಾಗಲೇ ನರ್ಸ್ ಅಥವಾ ಸಮಾಜ ಕಾರ್ಯಕರ್ತರಾಗಿದ್ದರೆ ನಿಮ್ಹಾನ್ಸ್ ಡಿಜಿಟಲ್ ಅಕಾಡೆಮಿಯ ಕೋರ್ಸುಗಳನ್ನು ನೋಡಿ, ಆದರೆ ಅವು ಡಿಗ್ರಿ ಅಲ್ಲ.

ಹೊಸಬರಿಗೆ ನಾನು ಹೇಳುವುದು ಕಾಲೇಜಿನ ಎಂಎಸ್‌ಡಬ್ಲ್ಯೂ, ಅಂದರೆ ಸಮಾಜಕಾರ್ಯದ ಸ್ನಾತಕೋತ್ತರ ಡಿಗ್ರಿ. ಅಲ್ಲಿ ಫೀಲ್ಡ್‌ವರ್ಕ್ ಇರುತ್ತದೆ. ಕುಡಿತ ಬಿಟ್ಟ ಮೂರನೇ ದಿನ ಕೈ ನಡುಗುತ್ತಾ ಕೂತವನ ಹತ್ತಿರ, ಪಕ್ಕದಲ್ಲಿ ಅಳುತ್ತಿರುವ ಅವನ ಹೆಂಡತಿಯ ಹತ್ತಿರ ಹೇಗೆ ಮಾತಾಡಬೇಕು ಅನ್ನುವುದು ಸ್ಕ್ರೀನ್ ನೋಡಿ ಬರುವುದಿಲ್ಲ, ಅಲ್ವಾ?