ಕನ್ನಡದಲ್ಲಿ ಕಾಮಿಕ್ ಮಾಡುವವರೇ, ಲೇಯರ್ ಇರುವ ಫೈಲ್ ಯಾರಿಗೂ ಕೊಡಬೇಡಿ

ಸ್ವಂತ ಕಾಮಿಕ್ ಬರೆದು ಇನ್‌ಸ್ಟಾದಲ್ಲೋ ವಾಟ್ಸಾಪ್ ಗುಂಪಿನಲ್ಲೋ ಹಂಚುವವರು ಇದನ್ನು ದಯವಿಟ್ಟು ಕೊನೆಯವರೆಗೂ ಓದಿ. ಉದ್ದ ಇದೆ. ಸಿಟ್ಟಿನಲ್ಲಿ ಬರೆಯುತ್ತಿದ್ದೇನೆ, ಹೇಳಿದ್ದನ್ನೇ ಮತ್ತೆ ಹೇಳಿದರೆ ಸಹಿಸಿಕೊಳ್ಳಿ. ಲೇಯರ್ ಅಂದರೆ ಪದರ, ಚಿತ್ರದ ಒಂದೊಂದು ಭಾಗವನ್ನೂ ಒಂದರ ಮೇಲೊಂದು ಬೇರೆ ಬೇರೆಯಾಗಿ ಇಟ್ಟಿರುವುದು. "ನಿಮ್ಮ ಕಾಮಿಕ್ಸ್ ಸೂಪರ್, ನಮ್ಮ ಆ್ಯಪ್‌ಗೆ ಕೊಡ್ತೀರಾ ಅಣ್ಣಾ?" ಅಂತ ನಿಮಗೂ ಮೆಸೇಜ್ ಬಂದಿದ್ದರೆ, ಇನ್ನೂ ಸಹಿ ಹಾಕಿಲ್ಲ ಅಂದರೆ, ಅಲ್ಲೇ ನಿಲ್ಲಿ. ಇದನ್ನು ಓದಿ ಆಮೇಲೆ ಉತ್ತರ ಕೊಡಿ.

ಕಂಪನಿ ಹೆಸರು ಹಾಕುತ್ತಿಲ್ಲ. ಸದ್ಯಕ್ಕೆ ಬೇಡ ಅಂತ ವಕೀಲರು ಹೇಳಿದ್ದಾರೆ. ಬೆಂಗಳೂರಿನದು, ಮೊಬೈಲ್‌ನಲ್ಲಿ ಕಥೆ ಮತ್ತು ಕಾಮಿಕ್ ಓದುವ ಆ್ಯಪ್, ಅಷ್ಟು ಸಾಕು.

ನಾನು ಹಗಲು ಶಿವಮೊಗ್ಗದ ಒಂದು ಹಾರ್ಡ್‌ವೇರ್ ಅಂಗಡಿಯಲ್ಲಿ ಲೆಕ್ಕ ಬರೆಯುತ್ತೇನೆ, ರಾತ್ರಿ ಟ್ಯಾಬ್ ಹಿಡಿದು ಚಿತ್ರ ಬಿಡಿಸುತ್ತೇನೆ. ಶುರು ಮಾಡಿದ್ದು ಫ್ಯಾನ್ ಕಾಮಿಕ್‌ನಿಂದ. ಸಿನಿಮಾ ಹೀರೋಗಳನ್ನು, ಹಳೇ ಧಾರಾವಾಹಿಯ ಪಾತ್ರಗಳನ್ನು ತಂದು ನಮ್ಮ ಬಸ್‌ಸ್ಟ್ಯಾಂಡಿನಲ್ಲಿ ನಿಲ್ಲಿಸಿ ಕಥೆ ಕಟ್ಟುವುದು, ಸುಮ್ನೆ ಖುಷಿಗೆ. ಒಂದು ರೂಪಾಯಿ ಅದರಿಂದ ಮಾಡಿಲ್ಲ. ಆಮೇಲೆ ಸ್ವಂತದ್ದು ಅಂತ ಹುಟ್ಟಿದ್ದು 'ಚಿಲ್ಲರೆ ಚಂದ್ರಣ್ಣ'. ತೀರ್ಥಹಳ್ಳಿ ಕಡೆ ಹೋಗುವ ಕೊನೇ ಬಸ್ಸಿನ ಕಂಡಕ್ಟರ್. ಅವನ ಬಸ್ಸಿಗೆ ದೆವ್ವಗಳು ಹತ್ತುತ್ತವೆ, ಹೆದರಿಸುವುದಕ್ಕಲ್ಲ. ಬದುಕಿದ್ದಾಗ ಟಿಕೆಟ್ ಹಿಂದೆ ಬರೆಸಿಕೊಂಡ ಚಿಲ್ಲರೆಯನ್ನು ಇಸ್ಕೊಳ್ಳೋದು ಮರೆತು ಇಳಿದವರು, ಈಗ ಬಾಕಿ ಕೇಳುವುದಕ್ಕೆ ಬರುತ್ತಾರೆ. ಚಂದ್ರಣ್ಣ ಬಲಗಿವಿಗೆ ಪೆನ್ನು ಸಿಕ್ಕಿಸಿಕೊಂಡು ಎಲ್ಲರಿಗೂ "ಇಳಿಯುವಾಗ ಕೊಡ್ತೀನಿ, ಕೂತ್ಕೊಳ್ಳಿ" ಅನ್ನುತ್ತಾನೆ. ಇಷ್ಟೇ ಕಥೆ. ಜನಕ್ಕೆ ಇಷ್ಟ ಆಯಿತು. ಹಾಸನದ ಹುಡುಗಿಯೊಬ್ಬಳು ಚಂದ್ರಣ್ಣನನ್ನು ಸಕಲೇಶಪುರದ ಘಾಟಿಗೆ ಕರೆದೊಯ್ದು ಅವಳದೇ ಒಂದು ಫ್ಯಾನ್ ಕಾಮಿಕ್ ಮಾಡಿ ನನಗೆ ಟ್ಯಾಗ್ ಮಾಡಿದ್ದಳು. ನಾನು ಬರೆದಿದ್ದಕ್ಕಿಂತ ಚೆನ್ನಾಗಿತ್ತು. ಅವಳ ವಿಷಯ ಆಮೇಲೆ ಬರುತ್ತದೆ.

ಇನ್ನೊಂದು ವಿಷಯ ಹೇಳಲೇಬೇಕು, ಮುಂದೆ ಬೇಕಾಗುತ್ತದೆ. ಬಲೂನಿನೊಳಗಿನ ಮಾತನ್ನೆಲ್ಲ ನಾನು ಕೈಯಲ್ಲೇ ಬರೆಯುತ್ತೇನೆ. ಕನ್ನಡದಲ್ಲಿ ಮಾಡುವವರಿಗೆ ಈ ಕಷ್ಟ ಗೊತ್ತಿದೆ. ಚಿತ್ರ ಬಿಡಿಸುವ ಕೆಲವು ಸಾಫ್ಟ್‌ವೇರ್‌ಗಳಲ್ಲಿ ಕನ್ನಡ ಟೈಪ್ ಮಾಡಿದರೆ ಒತ್ತಕ್ಷರ ಕೆಳಗೆ ಕೂರುವುದೇ ಇಲ್ಲ, ಒಡೆದು ಪಕ್ಕಕ್ಕೆ ಬಂದು ನಿಲ್ಲುತ್ತದೆ. 'ಚಿಲ್ಲರೆ' ಹೋಗಿ 'ಚಿಲ್‌ಲರೆ' ಆಗುತ್ತದೆ. ಹಾಗಾಗಿ ಕೈಬರಹ, ಕಣ್ಣು ಉರಿಯುವ ತನಕ.

ಮೊದಲ ಮೆಸೇಜ್ ಹೀಗಿತ್ತು: "ಅಣ್ಣಾ, ಚಂದ್ರಣ್ಣ ನೋಡಿ ಆಫೀಸಲ್ಲಿ ಎಲ್ರೂ ಬಿದ್ದು ಬಿದ್ದು ನಕ್ವಿ. ಇಂಥದ್ದು ಕನ್ನಡಕ್ಕೆ ಬೇಕು." ಕನ್ನಡಕ್ಕೆ ಬೇಕು ಅಂದುಬಿಟ್ಟರೆ ನಮ್ಮಂಥವರು ಕರಗಿ ಹೋಗುತ್ತೇವೆ ಅಂತ ಅವರಿಗೆ ಚೆನ್ನಾಗಿ ಗೊತ್ತು. ಕಂತಿಗೆ 1,500 ರೂಪಾಯಿ, ಮೇಲೆ ಲಾಭದಲ್ಲಿ ಅರ್ಧ ಅಂದರು. ಫೋನಿನಲ್ಲಿ ಮಾತಾಡಿದ ಹುಡುಗ ತುಂಬಾ ಮರ್ಯಾದೆ. ಊಟ ಆಯ್ತಾ ಅಣ್ಣಾ ಅಂತ ಕೇಳಿಯೇ ಮಾತು ಶುರು ಮಾಡುತ್ತಿದ್ದ.

ಅಗ್ರಿಮೆಂಟ್ ಬಂದಿದ್ದು ಶುಕ್ರವಾರ ಸಂಜೆ, ಪೂರ್ತಿ ಇಂಗ್ಲಿಷಿನಲ್ಲಿ. ಜೊತೆಗೇ ಫೋನ್. "ಸೋಮವಾರ ಲಾಂಚ್ ಅಣ್ಣಾ, ಇವತ್ತೇ ಇ-ಸೈನ್ ಮಾಡ್ಬಿಡಿ, ಆಧಾರ್ ಓಟಿಪಿ ಒಂದು ಹಾಕಿದ್ರೆ ಮುಗೀತು." ನಾನು ಕೇಳಿದೆ. ಬಾಯಿಬಿಟ್ಟು ಕೇಳಿದೆ, ಪಾತ್ರ ನನ್ನದೇ ಇರುತ್ತೆ ತಾನೆ ಅಂತ. "ಅಯ್ಯೋ ಏನಣ್ಣಾ ಹಿಂಗಂತೀರಾ, ಚಂದ್ರಣ್ಣ ನಿಮ್ಮ ಮಗು ಅಲ್ವಾ, ನಾವ್ಯಾಕೆ ಕಿತ್ಕೋತೀವಿ? ಪೇಪರ್ ಸುಮ್ನೆ ಫಾರ್ಮಾಲಿಟಿ." ಈ ಮಾತು ಫೋನಿನಲ್ಲಿ ಮಾತ್ರ. ವಾಟ್ಸಾಪಿನಲ್ಲಿ ಇದೇ ಪ್ರಶ್ನೆಗೆ ಒಂದು ಹೆಬ್ಬೆರಳು ಬಂತು. ಹೆಬ್ಬೆರಳು! ಅದನ್ನು ಹೌದು ಅಂತ ಓದಿಕೊಳ್ಳಬೇಕೋ ಇಲ್ಲ ಅಂತಲೋ, ಈಗಲೂ ಆ ಸ್ಕ್ರೀನ್‌ಶಾಟ್ ನೋಡಿದರೆ ಮೈ ಉರಿಯುತ್ತದೆ.

ನಂಬಿ ಸಹಿ ಹಾಕಿದೆ. ಮಾರನೇ ದಿನ ಫೈಲ್ ಕೇಳಿದರು. ನಾನು ಜೆಪೆಗ್ ಕಳಿಸಿದೆ. ಬೇಡ, ಪಿಎಸ್‌ಡಿನೇ ಬೇಕು ಅಂದರು. ಪಿಎಸ್‌ಡಿ ಅಂದರೆ ಲೇಯರ್ ಎಲ್ಲ ಬಿಡಿಬಿಡಿಯಾಗಿ ಉಳಿದಿರುವ ಫೋಟೋಶಾಪ್ ಫೈಲ್. ಕಾರಣ ನಂಬುವಂಥದ್ದೇ. ನನ್ನ ಪುಟಗಳು ಎ5 ಪುಸ್ತಕದ ಅಳತೆಯವು, ಅವರದು ಮೊಬೈಲ್‌ನಲ್ಲಿ ಮೇಲಿಂದ ಕೆಳಕ್ಕೆ ಸರಿಸುತ್ತಾ ಓದುವ ಅಳತೆ, ಚೌಕಗಳನ್ನು ಬಿಡಿಸಿ ಉದ್ದಕ್ಕೆ ಜೋಡಿಸಬೇಕು, ಅದಕ್ಕೆ ಲೇಯರ್ ಬೇಕು. ಸರಿ ಅಂತ ಕಳಿಸಿದೆ. ಚಂದ್ರಣ್ಣ ಒಂದು ಲೇಯರ್, ಬಸ್ಸು ಒಂದು, ದೆವ್ವಗಳು ಒಂದು, ಬಲೂನು, ಅಕ್ಷರ, ನನ್ನ ಸಹಿ, ಎಲ್ಲ ಬೇರೆ ಬೇರೆ, ನೀಟಾಗಿ ಹೆಸರು ಹಾಕಿ. ಎಷ್ಟು ನೀಟಾಗಿ ಅಂದರೆ ಕಳ್ಳನಿಗೆ ಕೀಲಿಕೈ ಗೊಂಚಲಿನ ಮೇಲೆ ಯಾವುದು ಯಾವ ಬೀರುವಿನದು ಅಂತ ಚೀಟಿ ಅಂಟಿಸಿ ಕೊಟ್ಟ ಹಾಗೆ.

ಶುರುವಿನಲ್ಲಿ ಎಲ್ಲ ಚೆನ್ನಾಗಿಯೇ ಇತ್ತು. ಮೊದಲ ನಾಲ್ಕು ಕಂತಿನ ದುಡ್ಡು ಬಂತು. ಅಮ್ಮ ಬೀದಿಗೆಲ್ಲ ಹೇಳಿ ಬಂದರು. ಅಂಗಡಿ ಯಜಮಾನರು ಬಂದ ಗಿರಾಕಿಗಳ ಫೋನಿಗೆಲ್ಲ ಆ್ಯಪ್ ಹಾಕಿಸಿದರು, ಪೈಪ್ ತಗೊಳ್ಳೋಕೆ ಬಂದವರಿಗೂ, ಕೀಲು ತಗೊಳ್ಳೋಕೆ ಬಂದವರಿಗೂ. ಆಮೇಲೆ ಐದನೇ ಕಂತಿಗೆ "ಸ್ವಲ್ಪ ಹೋಲ್ಡ್ ಮಾಡಿ ಅಣ್ಣಾ, ಸೀಸನ್ ಪ್ಲಾನ್ ಆಗ್ತಿದೆ" ಅಂದರು. ಹೋಲ್ಡ್ ಮಾಡಿದೆ. ಲಾಭದ ಲೆಕ್ಕ ಕೇಳಿದರೆ ಒಂದು ಎಕ್ಸೆಲ್ ಬಂತು. ಬಣ್ಣದ ಖರ್ಚು, ಜೋಡಣೆ ಖರ್ಚು, ಪ್ರಚಾರದ ಖರ್ಚು, ಸರ್ವರ್ ಖರ್ಚು, ಎಲ್ಲ ಕಳೆದು ನನ್ನ ಪಾಲು ಸೊನ್ನೆ. ಬಣ್ಣ ಹಚ್ಚಿದ್ದು ನಾನೇ. ಬಣ್ಣದ ಖರ್ಚು ಯಾರಿಗೆ ಹೋಯಿತು? ಉತ್ತರ ಇಲ್ಲ. ಹಗಲೆಲ್ಲ ಲೆಕ್ಕ ಬರೆಯುವವನಿಗೇ ಈ ಲೆಕ್ಕ.

ಇನ್ನು ಆ ದಿನದ್ದು. ಪ್ಲಂಬರ್ ಒಬ್ಬರು ಅಂಗಡಿಗೆ ಬಂದವರು, "ಏನ್ರೀ, ನಿಮ್ಮ ಚಂದ್ರಣ್ಣ ಯಾಕೋ ಈಚೆಗೆ ಒರಟ ಆಗಿಬಿಟ್ಟ" ಅಂದರು. ನಾನು ನಕ್ಕೆ, ಇವರು ಹಳೇದನ್ನೇ ಹೇಳುತ್ತಿದ್ದಾರೆ ಅಂದುಕೊಂಡೆ. ಫೋನ್ ತೋರಿಸಿದರು. ಎಂಟನೇ ಕಂತು. ನಾನು ಬರೆದಿದ್ದು ನಾಲ್ಕು. ಕೌಂಟರ್ ಮೇಲೆ ಫೋನ್ ಇಟ್ಟುಕೊಂಡು ಸರಿಸುತ್ತಾ ಹೋದೆ. ಮುಖ ನಾನು ಎರಡನೇ ಕಂತಿನಲ್ಲಿ ಬಿಡಿಸಿದ್ದೇ, ಅದನ್ನೇ ಕತ್ತರಿಸಿ ಕನ್ನಡಿ ಹಾಕಿದಂತೆ ತಿರುಗಿಸಿದ್ದಾರೆ, ಹಾಗಾಗಿ ಪೆನ್ನು ಎಡಗಿವಿಗೆ ಬಂದಿದೆ. ಮೈ ಬೇರೆ ಯಾರೋ ಬಿಡಿಸಿದ್ದು. ಬಲೂನಿನಲ್ಲಿ ಟೈಪ್ ಮಾಡಿದ ಅಕ್ಷರ, ಒತ್ತೆಲ್ಲ ಒಡೆದಿದೆ. ಮತ್ತೆ ನನ್ನ ಚಂದ್ರಣ್ಣ, ಎಲ್ಲರಿಗೂ ಕೂತ್ಕೊಳ್ಳಿ ಅನ್ನುವವನು, ಒಂದು ಅಜ್ಜಿ ದೆವ್ವವನ್ನು ಓಡುವ ಬಸ್ಸಿನಿಂದ ತಳ್ಳಿ ನಗುತ್ತಿದ್ದಾನೆ. ಕೊನೆಯಲ್ಲಿ "ಕಥೆ, ಚಿತ್ರ" ಅಂತ ಬರೆದು ಕಂಪನಿ ಸ್ಟುಡಿಯೋ ಹೆಸರು. ನಾನು ಹಿಂದಕ್ಕೆ ಹೋಗಿ ನನ್ನದೇ ನಾಲ್ಕು ಕಂತು ತೆಗೆದೆ. ಅಲ್ಲೂ ಸಹಿ ಇಲ್ಲ. ಲೇಯರ್ ಆಫ್ ಮಾಡಿದ್ದಾರೆ, ಅಷ್ಟೇ ಕೆಲಸ, ಒಂದು ಕ್ಲಿಕ್. ಒಂದೇ ಒಂದು ಕಡೆ ಉಳಿದಿತ್ತು, ಬಸ್ಸಿನ ಹಿಂಬದಿ ಕಿಟಕಿಯ ಧೂಳಿನ ಮೇಲೆ ಬೆರಳಲ್ಲಿ ಗೀಚಿದ ಹಾಗೆ ಬರೆದಿದ್ದೆ ನನ್ನ ಹೆಸರು, ಅದು ಬಸ್ಸಿನ ಲೇಯರಿನಲ್ಲೇ ಇತ್ತು. ಅವರ ಕಣ್ಣಿಗೆ ಬಿದ್ದಿಲ್ಲ. ಪ್ಲಂಬರ್ "ಏನಾಯ್ತ್ರೀ" ಅಂತ ಕೇಳಿದರು, ಏನಿಲ್ಲ ಅಂದೆ. ಅವರ ಎದುರಿಗೆ, ಯಜಮಾನರ ಎದುರಿಗೆ ಏನು ಅಂತ ಹೇಳುವುದು?

ಮೆಸೇಜ್ ಹಾಕಿದೆ. ಊಟ ಆಯ್ತಾ ಅನ್ನುತ್ತಿದ್ದ ಹುಡುಗ "ಟೀಮ್‌ಗೆ ಕೇಳ್ತೀನಿ ಅಣ್ಣಾ" ಅಂದ. ಆಮೇಲೆ ನೀಲಿ ಟಿಕ್ ಮಾತ್ರ. ಮತ್ತೆ ಮತ್ತೆ ಕೇಳಿದ ಮೇಲೆ: "ಸರ್, ಅಗ್ರಿಮೆಂಟಿನ ಕ್ಲಾಜ್ 7 ನೋಡಿ. ಪಾತ್ರದ ಎಲ್ಲಾ ಹಕ್ಕು ಕಂಪನಿದು." ನಿಮ್ಮ ಮಗು ಅಂದಿದ್ದೆಯಲ್ಲಪ್ಪಾ ಅಂದೆ. "ಅದು ಎಮೋಷನಲ್ ಆಗಿ ಹೇಳಿದ್ದು ಸರ್." ಎಮೋಷನಲ್ ಆಗಿ! ಆಮೇಲೆ, "ನಿಮ್ಮ ಇನ್‌ಸ್ಟಾಗಿಂತ ಎಷ್ಟೋ ಜಾಸ್ತಿ ಜನಕ್ಕೆ ನಾವು ತಲುಪಿಸಿದ್ದೀವಿ, ನೀವು ಖುಷಿ ಪಡ್ಬೇಕು." ಇದಕ್ಕೆಲ್ಲ ಮುಕುಟ ಇಟ್ಟ ಹಾಗೆ ಅವರ ಮ್ಯಾನೇಜರ್ ಬರೆದಿದ್ದು ಇದು, ಅಕ್ಷರಕ್ಕೆ ಅಕ್ಷರ ಹಾಕುತ್ತಿದ್ದೇನೆ: "ನೀವೇ ಬೇರೆಯವರ ಪಾತ್ರ ಇಟ್ಕೊಂಡು ಫ್ಯಾನ್ ಕಾಮಿಕ್ ಮಾಡಿದ್ದೀರಿ. ನಿಮಗೆ ಕಾಪಿರೈಟ್ ಬಗ್ಗೆ ಮಾತಾಡೋ ಯೋಗ್ಯತೆ ಇದ್ಯಾ?"

ಇದು ಚುಚ್ಚಿತು, ಸುಳ್ಳು ಹೇಳಲ್ಲ. ಆದರೆ ಎರಡೂ ಒಂದೇನಾ? ನನ್ನ ಫ್ಯಾನ್ ಕಾಮಿಕ್‌ಗಳಲ್ಲಿ ಪಾತ್ರ ಯಾರದು ಅಂತ ಮೊದಲ ಚೌಕದಲ್ಲೇ ಇದೆ. ಮಾರಿಲ್ಲ. ಹಕ್ಕುದಾರರು ತೆಗಿ ಅಂದರೆ ಆ ಕ್ಷಣ ತೆಗೆಯುತ್ತೇನೆ, ಕಾನೂನು ಅವರ ಕಡೆಗೇ ಇದೆ ಅನ್ನೋದೂ ಗೊತ್ತು. ಯಾರ ಸಹಿಯನ್ನೂ ಅಳಿಸಿ ನನ್ನ ಹೆಸರು ಬರೆದುಕೊಂಡಿಲ್ಲ.

ಇಷ್ಟಕ್ಕೇ ಬಿಡಲಿಲ್ಲ. ನನ್ನ ಪೇಜಿನಲ್ಲಿದ್ದ ಹಳೇ ಚಂದ್ರಣ್ಣನ ಪೋಸ್ಟ್‌ಗಳ ಮೇಲೆ ಕಾಪಿರೈಟ್ ದೂರು ಕೊಟ್ಟು ತೆಗೆಸಿದರು. ನಾನು ಬಿಡಿಸಿದ ಚಿತ್ರ ಬೇರೆಯವರ ಹಕ್ಕನ್ನು ಉಲ್ಲಂಘಿಸಿದೆ ಅಂತ ನನಗೇ ನೋಟಿಫಿಕೇಶನ್. ಹಾಸನದ ಹುಡುಗಿಯ ಸಕಲೇಶಪುರದ ಕಾಮಿಕ್ ಕೂಡ ಹೋಯಿತು. ಅವಳು ಹೆದರಿ, "ಸಾರಿ ಅಣ್ಣಾ, ನಿಮ್ಮನ್ನ ಕೇಳದೆ ಮಾಡ್ಬಾರ್ದಿತ್ತು" ಅಂತ ನನ್ನ ಹತ್ತಿರ ಕ್ಷಮೆ ಕೇಳಿದಳು. ನನ್ನ ಹತ್ತಿರ!

ವಕೀಲರ ಹತ್ತಿರ ಹೋದೆ. ಪೆನ್ಸಿಲ್ ಹಿಡಿದು ಓದಿದರು. ಅವರು ಹೇಳಿದ್ದು ನಿಮಗೂ ಉಪಯೋಗಕ್ಕೆ ಬರುತ್ತದೆ. ನಾವೇ ಬರೆದು ನಾವೇ ಬಿಡಿಸಿದ್ದಕ್ಕೆ ನಾವೇ ಮೊದಲ ಹಕ್ಕುದಾರರು, ನೋಂದಣಿ ಮಾಡಿಸದಿದ್ದರೂ ಸರಿ. ಹಕ್ಕು ಬರೆದುಕೊಡುವುದು ಲಿಖಿತವಾಗಿ, ಸಹಿ ಸಮೇತ ಆಗಬೇಕು. 1957ರ ಕಾಪಿರೈಟ್ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಎಷ್ಟು ವರ್ಷಕ್ಕೆ ಅಂತ ಬರೆದಿಲ್ಲದಿದ್ದರೆ 5 ವರ್ಷ ಅಂತಲೇ ಲೆಕ್ಕ, ಎಲ್ಲಿಗೆ ಅಂತ ಬರೆದಿಲ್ಲದಿದ್ದರೆ ಭಾರತಕ್ಕೆ ಮಾತ್ರ. ಇವರು ಬಿಡುತ್ತಾರಾ, ಶಾಶ್ವತವಾಗಿ, ಇಡೀ ಜಗತ್ತಿಗೆ ಅಂತ ಬರೆದಿದ್ದಾರೆ. ತೆಗೆದುಕೊಂಡ ಹಕ್ಕನ್ನು ಒಂದು ವರ್ಷದೊಳಗೆ ಬಳಸದಿದ್ದರೆ ಅದು ವಾಪಸ್ ಬರುತ್ತದೆ ಅಂತ 19(4)ರಲ್ಲಿ ಇದೆ, ಆದರೆ 19(4) ಇಲ್ಲಿ ಅನ್ವಯಿಸುವುದಿಲ್ಲ ಅಂತ ಒಂದು ಸಾಲು ಸೇರಿಸಿದ್ದಾರೆ. ವಕೀಲರು ಆ ಸಾಲಿಗೆ ಸುತ್ತ ಗೆರೆ ಎಳೆದು, "ಇದು ಗೊತ್ತಿದ್ದೇ ಮಾಡಿರೋದು" ಅಂದರು. ಫಾರ್ಮಾಲಿಟಿ ಅಂತೆ.

ಒಂದು ದಾರಿ ಇದೆ. ಸೆಕ್ಷನ್ 57. ಹಕ್ಕು ಪೂರ್ತಿ ಮಾರಿದರೂ ಇದು ನನ್ನದು ಅಂತ ಹೇಳಿಕೊಳ್ಳುವ ಅಧಿಕಾರ, ನಮ್ಮ ಹೆಸರಿಗೆ ಮಸಿ ಬಳಿಯುವ ಹಾಗೆ ಅದನ್ನು ತಿರುಚಿದರೆ ತಡೆಯುವ ಅಧಿಕಾರ ಬರೆದವನ ಹತ್ತಿರವೇ ಉಳಿಯುತ್ತದೆ. ದೆಹಲಿಯ ವಿಜ್ಞಾನ ಭವನದ ಗೋಡೆಯಿಂದ ಸರ್ಕಾರ ಕಿತ್ತು ಹಾಕಿದ ಕಂಚಿನ ಭಿತ್ತಿಶಿಲ್ಪದ ವಿಷಯದಲ್ಲಿ ಶಿಲ್ಪಿ ಅಮರನಾಥ ಸೆಹಗಲ್ ಇದೇ ಸೆಕ್ಷನ್ ಹಿಡಿದು 2005ರಲ್ಲಿ ದೆಹಲಿ ಹೈಕೋರ್ಟಿನಲ್ಲಿ ಗೆದ್ದರು. ಶಿಲ್ಪದ ಉಳಿದ ಭಾಗವೂ 5 ಲಕ್ಷ ರೂಪಾಯಿ ಪರಿಹಾರವೂ ಸಿಕ್ಕಿತು. ಹಾಗೇ ಅಮೆರಿಕದಲ್ಲಿ ಸೂಪರ್‌ಮ್ಯಾನ್‌ನನ್ನು ಹುಟ್ಟಿಸಿದ ಇಬ್ಬರು ಹುಡುಗರು, ಸೀಗಲ್ ಮತ್ತು ಶುಸ್ಟರ್, 1938ರಲ್ಲಿ 130 ಡಾಲರ್‌ಗೆ ಹಕ್ಕು ಬರೆದುಕೊಟ್ಟು, ಅವರ ಹೆಸರು ಮತ್ತೆ ಪಾತ್ರದ ಜೊತೆ ಬರುವುದಕ್ಕೆ 1975ರ ತನಕ ಕಾಯಬೇಕಾಯಿತು. ನನಗೆ 6,000 ರೂಪಾಯಿ.

ಆದ್ದರಿಂದ ಹೇಳುತ್ತಿದ್ದೇನೆ, ಲೇಯರ್ ಇರುವ ಫೈಲ್ ಕೊಡಬೇಡಿ. ಎಷ್ಟೇ ಅಣ್ಣಾ ಅಕ್ಕಾ ಅಂದರೂ ಕೊಡಬೇಡಿ. ಉದ್ದಕ್ಕೆ ಜೋಡಿಸಬೇಕಾ, ನಾವೇ ಜೋಡಿಸಿ ಜೆಪೆಗ್ ಕಳಿಸೋಣ. ಸಹಿಯನ್ನು ಚಿತ್ರದೊಳಗೇ ಎಲ್ಲಾದರೂ ಗೀಚಿ, ಬೇರೆ ಲೇಯರ್ ಬೇಡ. ಫೋನಿನಲ್ಲಿ ಹೇಳಿದ್ದನ್ನು ಮೇಲ್‌ನಲ್ಲಿ ಬರೆಸಿಕೊಳ್ಳಿ. ಇಷ್ಟು ಕಂತು, ಇಷ್ಟು ವರ್ಷ, ಈ ಆ್ಯಪ್‌ಗೆ ಮಾತ್ರ ಅಂತ ಲೈಸೆನ್ಸ್ ಕೊಡಿ, ಪಾತ್ರ ಬರೆದುಕೊಡಬೇಡಿ. ಲಾಭದಲ್ಲಿ ಪಾಲು ಅಂದರೆ ಸೊನ್ನೆ ಅಂತಲೇ ಓದಿಕೊಳ್ಳಿ. ಶುಕ್ರವಾರ ಸಂಜೆ ಬರುವ ಅಗ್ರಿಮೆಂಟಿಗೆ ಸೋಮವಾರದ ತನಕ ಉತ್ತರವೇ ಕೊಡಬೇಡಿ, ಅವಸರ ಅವರಿಗೆ, ನಮಗಲ್ಲ.

ನೋಟಿಸ್ ಹೋಗಿದೆ. ಕೊನೆಯ ಪುಟದಲ್ಲಿ "ಮೂಲ ಐಡಿಯಾ" ಅಂತ ನನ್ನ ಹೆಸರು ಹಾಕುತ್ತೇವೆ, ಇನ್‌ಸ್ಟಾದಲ್ಲಿ ಅವರ ಬಗ್ಗೆ ಏನೂ ಬರೆಯಬಾರದು ಅಂತ ಉತ್ತರ ಬಂದಿದೆ. ಐಡಿಯಾ ಅಂತೆ! ಒಪ್ಪಿಲ್ಲ. ಈಚೆಗೆ ಆ ಎಂಟನೇ ಕಂತಿನ ಮೈ ಬಿಡಿಸಿದ ಹುಡುಗನೇ ನನಗೆ ಮೆಸೇಜ್ ಮಾಡಿದ್ದ. ಕಾಲೇಜಿನಲ್ಲಿ ಓದುತ್ತಿದ್ದಾನೆ, ಚೌಕಕ್ಕೆ ಇಷ್ಟು ಅಂತ ದುಡ್ಡು, ಪಾತ್ರ ಕಂಪನಿಯದೇ ಅಂತ ಅವನಿಗೆ ಹೇಳಿದ್ದಾರೆ. ಅವನದೂ ಒಂದು ಸ್ವಂತ ಕಾಮಿಕ್ ಇದೆಯಂತೆ, ಅದರ ಪಿಎಸ್‌ಡಿಯನ್ನೂ ಈಗ ಕೇಳುತ್ತಿದ್ದಾರಂತೆ. ಕಳಿಸಬೇಡ ಮಾರಾಯ ಅಂದೆ.

ನಿಮಗೂ ಇದೇ ಥರ ಮೆಸೇಜ್ ಬಂದಿದ್ದರೆ, ಸಹಿ ಹಾಕಿದ್ದರೂ ಹಾಕದಿದ್ದರೂ, ಸ್ಕ್ರೀನ್‌ಶಾಟ್ ತೆಗೆದು ನನಗೆ ಕಳಿಸಿ. ಇನ್ನೂ ಎಷ್ಟು ಜನ ಇದ್ದಾರೆ ಅಂತ ವಕೀಲರು ಕೇಳುತ್ತಿದ್ದಾರೆ.